ಮೈಸೂರು ಅದೇ, ಬರುವ ದಾರಿ ಬೇರೆ

ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಮೈಸೂರು–ಮಂಡ್ಯ ಸೀಮೆಯ ಪ್ರವಾಸಕ್ಕೇ ಮೀಸಲು. ಅರಮನೆ, ಬೆಟ್ಟ, ಕನ್ನಂಬಾಡಿ ಕಟ್ಟೆ ಇದ್ದಲ್ಲೇ ಇವೆ. ಅವನ್ನು ಮುಟ್ಟುವ ರಸ್ತೆ, ರೈಲಿನ ಬುಕಿಂಗು, ಟೋಲು, ಕಾಡಿನ ಗೇಟು, ಇವುಗಳ ಕಟ್ಟಳೆ ಮಾತ್ರ ಎರಡು ಮೂರು ವರ್ಷದಲ್ಲಿ ಬದಲಾಗಿಬಿಟ್ಟಿದೆ. ಎಡವುತ್ತಿರುವವರು ಹೆಚ್ಚಾಗಿ ಹಿಂದೊಮ್ಮೆ ಬಂದು ಹೋದವರೇ. ಹೊಸಬರು ಕೇಳಿಕೊಂಡು ಬರುತ್ತಾರೆ, ಹಳಬರು ಗೊತ್ತಿದೆ ಅಂದುಕೊಂಡು ಬರುತ್ತಾರೆ.

ಪ್ರಶ್ನೆ: ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿದ್ದೇವೆ. ಚನ್ನಪಟ್ಟಣದಲ್ಲಿ ಗೊಂಬೆ, ಮದ್ದೂರಿನಲ್ಲಿ ವಡೆ, ಆಮೇಲೆ ಶ್ರೀರಂಗಪಟ್ಟಣ ನೋಡಿಕೊಂಡು ಮೈಸೂರು ಸೇರುವ ಆಸೆ. ಹೊಸ ರಸ್ತೆಯಲ್ಲಿ ಇವು ಯಾವುವೂ ಸಿಗುವುದಿಲ್ಲ ಅಂತಾರಲ್ಲ, ನಿಜವೇ? (ತುಮಕೂರಿನ ಓದುಗರು)

ನಿಜ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ ಸುಮಾರು 118 ಕಿ.ಮೀ. ಉದ್ದ. ನಡುವೆ ಆರು ಪಥದ ಮುಖ್ಯ ರಸ್ತೆ, ಅಕ್ಕಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಊರುಗಳನ್ನೆಲ್ಲ ಮುಖ್ಯ ರಸ್ತೆ ಬೈಪಾಸಿನಲ್ಲಿ ದಾಟಿಬಿಡುತ್ತದೆ. ಊರೊಳಗೆ ಹೋಗುವುದು ಹಳೇ ಹೆದ್ದಾರಿ. ಗೊಂಬೆ ಅಂಗಡಿ, ವಡೆ ಹೋಟೆಲು, ಎಳನೀರಿನ ರಾಶಿ ಎಲ್ಲ ಇರುವುದು ಆ ದಾರಿಯಲ್ಲೇ.

ಹಾಗಾಗಿ ಹೊರಡುವ ಮುಂಚೆಯೇ ಒಂದು ತೀರ್ಮಾನ ಮಾಡಿಕೊಳ್ಳಿ. ಎರಡಕ್ಕಿಂತ ಹೆಚ್ಚು ಕಡೆ ನಿಲ್ಲಬೇಕೆಂದಿದ್ದರೆ ಮುಖ್ಯ ರಸ್ತೆಗೆ ಹತ್ತಿ ಇಳಿಯುವ ಗೋಜು ಬೇಡ, ಹಳೇ ದಾರಿಯಲ್ಲೇ ಬನ್ನಿ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಂಪುಗಳೂ ಇವೆ, ಆದರೆ ನಿಲ್ಲಬೇಕೆಂದ ಕಡೆ ನಿಲ್ಲಬಹುದು. ಒಂದೇ ಕಡೆ ಸಾಕು ಅನ್ನುವವರು ಮುಖ್ಯ ರಸ್ತೆ ಹಿಡಿದು, ಆ ಊರಿನ ಬೈಪಾಸ್ ಶುರುವಾಗುವ ಮುಂಚೆ ಇಳಿಯಬೇಕು. ಫೋನಿನ ಮ್ಯಾಪಿನಲ್ಲಿ ಬರಿಯ ‘ಮೈಸೂರು’ ಅಂತ ಹಾಕಿದರೆ ಅದು ನಿಮ್ಮನ್ನು ಬೈಪಾಸಿನಲ್ಲೇ ಕರೆದೊಯ್ಯುತ್ತದೆ. ‘ಮದ್ದೂರು ಬಸ್ ನಿಲ್ದಾಣ’ ಅಂತ ನಡುವೆ ಒಂದು ನಿಲುಗಡೆ ಸೇರಿಸಿಕೊಳ್ಳಿ.

ಇಳಿಯುವ ಜಾಗದ ಬೋರ್ಡು ಕಂಡ ಕೂಡಲೇ ಎಡಪಥಕ್ಕೆ ಬನ್ನಿ. ಇಳಿಯುವುದು ತಪ್ಪಿದರೆ ಮುಂದಿನದು ಹಲವು ಕಿಲೋಮೀಟರ್ ಆಚೆ, ನಡುವೆ ಯೂ–ಟರ್ನ್ ಇಲ್ಲ. ತಪ್ಪಿತಲ್ಲ ಅಂತ ಅಂಚಿನಲ್ಲಿ ನಿಲ್ಲಿಸಿ ಹಿಂದಕ್ಕೆ ತೆಗೆಯುವವರಿದ್ದಾರೆ. ಹಿಂದಿನಿಂದ 100ರ ವೇಗದಲ್ಲಿ ಬರುವವನಿಗೆ ನಿಮ್ಮ ಕಾರು ನಿಂತಿದೆಯೋ ಹಿಂದಕ್ಕೆ ಬರುತ್ತಿದೆಯೋ ಗೊತ್ತಾಗುವಷ್ಟರಲ್ಲಿ ಕೈ ಮೀರಿರುತ್ತದೆ. ಮುಂದೆ ಹೋಗಿ ಸುತ್ತಿ ಬನ್ನಿ, ವಡೆ ಎಲ್ಲೂ ಹೋಗುವುದಿಲ್ಲ.

ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ದಾರಿಯುದ್ದಕ್ಕೂ ಕ್ಯಾಮೆರಾ ಇದೆ. 130 ದಾಟಿದರೆ ದಂಡಕ್ಕೆ ಮುಗಿಯದೆ ಕೇಸೂ ಬೀಳುತ್ತದೆ, ಇದು 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ‘ಬೆಂಗಳೂರಿಂದ ಒಂದೂಕಾಲು ಗಂಟೆ’ ಎಂಬ ಮಾತು ಕೆಂಗೇರಿ ದಾಟಿದ ಮೇಲಿನ ಲೆಕ್ಕ. ಬೆಂಗಳೂರಿನ ಒಳಗಿನದನ್ನು ನೀವೇ ಸೇರಿಸಿಕೊಳ್ಳಿ.

ಗೊಂಬೆ ಕೊಳ್ಳುವವರಿಗೆ ಒಂದು ಕಿವಿಮಾತು. ಚನ್ನಪಟ್ಟಣದ ಅಸಲು ಗೊಂಬೆ ಹಾಲೆ ಮರದ್ದು, ಬಣ್ಣ ಅರಗಿನದು. ಮರ ಕಡೆಯುವ ಚರಕಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆಯ ಗರಿಯಿಂದ ತೀಡಿ ಹೊಳಪು ತರುತ್ತಾರೆ. ಮೂಗಿಗೆ ಹಿಡಿದಾಗ ಪೇಂಟಿನ ವಾಸನೆ ಬಂದರೆ, ಮೂಲೆಯಲ್ಲಿ ಬಣ್ಣ ಸಿಪ್ಪೆಯಂತೆ ಎದ್ದಿದ್ದರೆ ಅದು ಅರಗಲ್ಲ. ಬಾಯಿಗೆ ಹಾಕಿಕೊಳ್ಳುವ ಮಗುವಿಗಂತೂ ಅದನ್ನು ಕೊಡಬೇಡಿ.

ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸು ಮೈಸೂರು ದಾರಿಗೆ ನಡೆಯುತ್ತದೆಯೇ? ತಿಂಗಳಿಗೊಮ್ಮೆ ಬರುವವರಿಗೆ ಲಾಭವೇ? (ಬೆಂಗಳೂರು)

ನಡೆಯುತ್ತದೆ. ಇದು 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದದ್ದು. ಒಂದು ವರ್ಷ ಅಥವಾ 200 ಟ್ರಿಪ್ಪು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ‘ಟ್ರಿಪ್’ ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಒಂದು ಅಂತ ತಿಳಿಯಬೇಡಿ. ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ಬಿಡದಿ ಹತ್ತಿರ ಒಂದು, ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಒಂದು, ಬಂದು ಹೋದರೆ ನಾಲ್ಕು. 200ಕ್ಕೆ 50 ಸಲ ಬಂದು ಹೋಗಬಹುದು. ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 48 ಟ್ರಿಪ್ಪೇ ಖರ್ಚು. ಕಳೆದ ಸಲ ಬರುವಾಗ ಎರಡು ಟೋಲಿನಲ್ಲಿ ಎಷ್ಟು ಕಡಿತವಾಯಿತು ಅಂತ ಮೆಸೇಜಿನಲ್ಲಿ ನೋಡಿ 24ರಿಂದ ಗುಣಿಸಿ, ಪಾಸಿನ ಬೆಲೆಗೆ ಹೋಲಿಸಿದರೆ ನಿಮ್ಮ ಉತ್ತರ ಸಿಗುತ್ತದೆ.

ಪಾಸು ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ, ಹಳದಿ ಬೋರ್ಡಿಗೆ ಇಲ್ಲ. ರಾಜಮಾರ್ಗ್‌ಯಾತ್ರಾ ಆ್ಯಪಿನಲ್ಲಿ ಪಡೆಯಬಹುದು. ಫಾಸ್ಟ್ಯಾಗು ಗಾಜಿಗೆ ಅಂಟಿರಬೇಕು, ಗಾಡಿಯ ನೋಂದಣಿ ಸಂಖ್ಯೆಗೇ ಜೋಡಣೆಯಾಗಿರಬೇಕು. ಹೊಸ ಕಾರು ಕೊಂಡಾಗ ಚಾಸಿ ನಂಬರಿನ ಮೇಲೆ ಕೊಟ್ಟ ಟ್ಯಾಗನ್ನು ಹಾಗೇ ಬಿಟ್ಟವರಿಗೆ ಅರ್ಜಿ ಅಲ್ಲೇ ನಿಲ್ಲುತ್ತದೆ. ರಾಷ್ಟ್ರೀಯ ಹೆದ್ದಾರಿ ಬಿಟ್ಟು ರಾಜ್ಯ ಹೆದ್ದಾರಿಯ ಟೋಲಿಗೆ ಹೋದರೆ ಪಾಸಿದ್ದರೂ ಮಾಮೂಲಿ ಹಣ ಕಡಿತವಾಗುತ್ತದೆ, ವ್ಯಾಲೆಟ್ಟಿನಲ್ಲಿ ಸ್ವಲ್ಪ ದುಡ್ಡಿರಲಿ. ಟ್ಯಾಗೇ ಕೈಕೊಟ್ಟರೆ ಯುಪಿಐಯಲ್ಲಿ ಒಂದೂಕಾಲು ಪಟ್ಟು ಕೊಡಬೇಕು, ಇದು 2025ರ ನವೆಂಬರ್ 15ರಿಂದ. ಟೋಲಿನಲ್ಲಿ ನಗದನ್ನು ನೆಚ್ಚಿಕೊಳ್ಳುವ ಕಾಲ ಮುಗಿಯಿತು.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಬೈಕಿನಲ್ಲಿ ಬರಬಹುದಾ?

ಬರಬಹುದು, ಮುಖ್ಯ ರಸ್ತೆಯಲ್ಲಿ ಅಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ, ಬೈಕಿನ ಸಿಸಿ ಎಷ್ಟೇ ಇರಲಿ. ಸರ್ವಿಸ್ ರಸ್ತೆ ಹಿಡಿಯಿರಿ, ಬೈಪಾಸು ಬಂದ ಕಡೆ ಹಳೇ ಹೆದ್ದಾರಿಗೆ ತಿರುಗಿ ಊರೊಳಗಿಂದ ಬನ್ನಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಗಾಡಿ, ಹುಲ್ಲು ಹೊತ್ತವರು, ಕಬ್ಬಿನ ಗಾಡಿ ಎಲ್ಲ ಇರುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸುತ್ತ ಕತ್ತಲಾದ ಮೇಲೆ ಹಿಂದೀಪವಿಲ್ಲದ ಟ್ರೇಲರು ಮುಂದೆ ನಿಂತಿದ್ದರೂ ಕಾಣುವುದಿಲ್ಲ. ಬೆಳಕಿದ್ದಾಗಲೇ ಮುಗಿಸಿಕೊಳ್ಳಿ.

ಪ್ರಶ್ನೆ: ದಸರಾಕ್ಕ ಹುಬ್ಬಳ್ಳಿಂದ ಆರು ಮಂದಿ ಬರೋರಿದ್ದೇವ್ರಿ. ನಾಕು ತಿಂಗಳ ಮೊದಲ ಟಿಕೀಟು ತಗೋಬೇಕಂತ ನೋಡಿದ್ರ ರೈಲ ತೋರಸವಲ್ದು. ಯಾಕ್ರಿ?

ನಾಲ್ಕು ತಿಂಗಳ ಲೆಕ್ಕ 2024ರ ನವೆಂಬರ್ 1ಕ್ಕೇ ಮುಗಿಯಿತು. ಮೊದಲು 120 ದಿನ ಇದ್ದದ್ದು ಈಗ 60 ದಿನ, ಹೊರಡುವ ದಿನ ಲೆಕ್ಕಕ್ಕಿಲ್ಲ. ಅಕ್ಟೋಬರ್ 10ರ ರೈಲಿಗೆ ಆಗಸ್ಟ್ 11ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ನಾಲ್ಕು ತಿಂಗಳ ಮುಂಚೆ ಹುಡುಕಿ, ಸಿಗದೆ, ಆಮೇಲೆ ಮರೆತು ಕೂರುವುದೇ ಈಗ ಎಲ್ಲರಿಗೂ ಆಗುತ್ತಿರುವುದು. ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಬುಕಿಂಗ್ ತೆರೆಯುವ ದಿನ ಆನ್‌ಲೈನಿನಲ್ಲಿ ಟಿಕೆಟ್ ಮಾಡುವ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಅದನ್ನು ವಾರ ಮೊದಲೇ ಮುಗಿಸಿ. 8 ಗಂಟೆಗೆ ಕೂತು ಆಧಾರ್ ಜೋಡಿಸಲು ಹೋದರೆ ಒಟಿಪಿ ಬರುವಷ್ಟರಲ್ಲಿ ಸ್ಲೀಪರು ವೇಟಿಂಗಿಗೆ ಹೋಗಿರುತ್ತದೆ. ತತ್ಕಾಲಿಗೂ 2025ರ ಜುಲೈನಿಂದ ಆಧಾರ್ ಕಡ್ಡಾಯ. ಹಿಂದಿನ ದಿನ ಎಸಿಗೆ 10 ಗಂಟೆ, ಉಳಿದದ್ದಕ್ಕೆ 11 ಗಂಟೆ, ಇದು ಮೊದಲಿನಂತೆಯೇ.

ಇನ್ನೊಂದು ಸೂಕ್ಷ್ಮ. ಹುಬ್ಬಳ್ಳಿ ಕಡೆಯಿಂದ ಮೈಸೂರಿಗೆ ಎರಡು ದಾರಿ. ಒಂದು ಬೆಂಗಳೂರು ಸುತ್ತಿ, ಇನ್ನೊಂದು ಅರಸೀಕೆರೆಯಲ್ಲಿ ತಿರುಗಿ ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ. ಎರಡನೆಯದರಲ್ಲಿ ಬೆಂಗಳೂರಿನ ಗದ್ದಲ ತಪ್ಪುತ್ತದೆ. ನೇರ ಗಾಡಿ ಸಿಗದಿದ್ದರೆ ಅರಸೀಕೆರೆವರೆಗೆ ಒಂದು ಟಿಕೆಟ್, ಅಲ್ಲಿಂದ ಮೈಸೂರಿಗೆ ಇನ್ನೊಂದು ಅಂತ ಹುಡುಕಿ ನೋಡ್ರಿ, ಹಬ್ಬದ ವಾರದಲ್ಲೂ ಒಮ್ಮೊಮ್ಮೆ ಸಿಕ್ಕೀತು.

ಪ್ರಶ್ನೆ: ನಾನು, ಹೈದರಾಬಾದಿನ ನನ್ನ ನಾದಿನಿ ಇಬ್ಬರೂ ಬಸ್ಸಿನಲ್ಲಿ ಓಡಾಡುತ್ತೇವೆ. ಇಬ್ಬರಿಗೂ ಫ್ರೀಯೇ? (ಮಂಡ್ಯ)

ನಿಮಗೆ ಫ್ರೀ, ನಿಮ್ಮ ನಾದಿನಿಯವರಿಗೆ ಟಿಕೆಟ್ಟು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರುವ ಮಹಿಳೆಯರಿಗೆ. ಊರೂರಿನ ಕೆಂಪು ಬಸ್ಸು, ನಗರ ಸಾರಿಗೆ, ಅಶ್ವಮೇಧ, ಇವುಗಳಲ್ಲಿ ನಡೆಯುತ್ತದೆ. ರಾಜಹಂಸ, ಐರಾವತ, ಸ್ಲೀಪರಿನಲ್ಲಿ ಇಲ್ಲ. ಫ್ರೀ ಅಂತ ಸುಮ್ಮನೆ ಕೂರಬೇಡಿ, ಕಂಡಕ್ಟರ ಹತ್ತಿರ ಶೂನ್ಯ ಟಿಕೆಟ್ ಕೇಳಿ ಪಡೆದು ಇಳಿಯುವವರೆಗೂ ಇಟ್ಟುಕೊಳ್ಳಿ.

ಪ್ರಶ್ನೆ: 78 ವರ್ಷದ ಅಮ್ಮ, ಎರಡು ಮಕ್ಕಳು. ಸೋಮವಾರ, ಮಂಗಳವಾರ ಎರಡೇ ದಿನ ರಜೆ ಸಿಕ್ಕಿದೆ. ಮೈಸೂರಿನಲ್ಲಿ ಏನೇನು ನೋಡಬಹುದು? (ಶಿವಮೊಗ್ಗ)

ಸಾಧ್ಯವಾದರೆ ಭಾನುವಾರ, ಸೋಮವಾರ ಮಾಡಿಕೊಳ್ಳಿ. ಮಂಗಳವಾರ ಮೃಗಾಲಯಕ್ಕೆ ರಜೆ, ಪಕ್ಕದ ಕಾರಂಜಿ ಕೆರೆಗೂ ರಜೆ. ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ 7ಕ್ಕೆ, ಸುಮಾರು ಮುಕ್ಕಾಲು ಗಂಟೆ. ಉಳಿದ ದಿನ ಧ್ವನಿ–ಬೆಳಕಿನ ಕಾರ್ಯಕ್ರಮ, ಅದಕ್ಕೆ ಬೇರೆ ಟಿಕೆಟ್. ನೀವು ಹೇಳುವ ಎರಡು ದಿನದಲ್ಲಿ ಮಕ್ಕಳಿಗೆ ಮೃಗಾಲಯಕ್ಕೆ ಸೋಮವಾರವೊಂದೇ ಇದೆ, ಲಕ್ಷದಷ್ಟು ಬಲ್ಬು ಮುಕ್ಕಾಲು ಗಂಟೆ ಉರಿಯುವ ಭಾನುವಾರದ ಸಂಜೆಯಂತೂ ಸಿಗುವುದಿಲ್ಲ.

ಭಾನುವಾರ ಬಂದರೆ ಬೆಳಿಗ್ಗೆ ಬೇಗ ಬೆಟ್ಟ. ದೇವಿಯ ದರ್ಶನ ಮಧ್ಯಾಹ್ನ 2ರಿಂದ 3.30ರವರೆಗೆ ಇಲ್ಲ. 1,008 ಮೆಟ್ಟಿಲನ್ನು ಅಮ್ಮನವರಿಗೆ ಹತ್ತಿಸುವ ಮಾತು ಬಿಡಿ. ನಗರ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ಮೇಲಕ್ಕೇ ಹೋಗುತ್ತದೆ. ಆಷಾಢದ ಶುಕ್ರವಾರವಾದರೆ ಸ್ವಂತ ಗಾಡಿಗೆ ಬೆಟ್ಟ ಬಂದ್. ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ಬಿಟ್ಟು ಅಲ್ಲಿಂದ ಬಸ್ಸು ಹತ್ತಬೇಕು. ವಯಸ್ಸಾದವರನ್ನು ಅಂಥ ದಿನ ಕರೆದುಕೊಂಡು ಬರದಿರುವುದೇ ಒಳ್ಳೆಯದು.

ಅರಮನೆ 10ರಿಂದ 5.30. ಪ್ರವಾಸಿಗರ ಟಿಕೆಟ್ ಕೊಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಚಿತ್ರಗಳಲ್ಲಿ ಕಾಣುವ ಪೂರ್ವದ ದೊಡ್ಡ ಬಾಗಿಲಿಗೆ ಹೋಗಿ ನಿಂತರೆ ಅಮ್ಮನವರಿಗೆ ಅರ್ಧ ಸುತ್ತು ವೃಥಾ ನಡಿಗೆ. ಚಪ್ಪಲಿ ಹೊರಗೇ ಬಿಡಬೇಕು, ಒಳಗಿನ ನೆಲ ನುಣುಪು. ಕಾಲುಚೀಲ ಹಾಕಿಕೊಂಡ ವೃದ್ಧರು ಅಲ್ಲೇ ಜಾರುವುದು, ಬರಿಗಾಲೇ ವಾಸಿ. ಸಂಜೆ ದೀಪ ನೋಡಲು 6.30ಕ್ಕೆ ಒಳಗಿನ ಅಂಗಳ ಸೇರಿ, ಅದಕ್ಕೆ ಟಿಕೆಟ್ ಇಲ್ಲ. ತೀರ ಹತ್ತಿರ ನಿಂತರೆ ಗೋಪುರ ಕಾಣುವುದಿಲ್ಲ, ಹಿಂದಕ್ಕೆ ಸರಿದಷ್ಟೂ ಚೆನ್ನ. ಸೋಮವಾರ 8.30ಕ್ಕೇ ಮೃಗಾಲಯದ ಬಾಗಿಲಲ್ಲಿರಿ. ಪ್ರಾಣಿಗಳು ಚುರುಕಾಗಿರುವುದು ಬಿಸಿಲೇರುವ ಮುಂಚೆ. ನಡೆಯಲಾರದವರಿಗೆ ಬ್ಯಾಟರಿ ಗಾಡಿ ಇದೆ.

ಪ್ರಶ್ನೆ: ಆಗಸ್ಟ್ 15ರ ರಜೆಗೆ ಕೆಆರ್‌ಎಸ್, ರಂಗನತಿಟ್ಟು, ಬಲಮುರಿ ಒಂದೇ ದಿನ ಇಟ್ಟುಕೊಂಡಿದ್ದೇವೆ. ದೋಣಿ ಸಿಗುತ್ತದೆಯೇ? (ದಾವಣಗೆರೆ)

ಅದನ್ನು ತೀರ್ಮಾನಿಸುವುದು ಕೊಡಗಿನ ಮಳೆ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಬಂದ ಮೇಲೆ ಒಳಹರಿವು ಎಷ್ಟಿದೆಯೋ ಅಷ್ಟನ್ನೂ ಹೊಳೆಗೆ ಬಿಡಲೇಬೇಕು, ಹಿಡಿದಿಡಲು ಜಾಗವಿರುವುದಿಲ್ಲ. 2025ರಲ್ಲಿ ಜೂನ್ ಮುಗಿಯುವ ಮುಂಚೆಯೇ ಕಟ್ಟೆ ತುಂಬಿತು. ಜೂನ್ ತಿಂಗಳಲ್ಲೇ ಬಾಗಿನ ಬಿಟ್ಟದ್ದು ಅದೇ ಮೊದಲು. ‘ಜುಲೈ ಕೊನೆಗೆ ತುಂಬುತ್ತದೆ, ಅಲ್ಲಿಯವರೆಗೆ ಹೊಳೆ ಶಾಂತ’ ಎಂಬ ಹಳೇ ಅಂದಾಜನ್ನು ಇನ್ನು ನಂಬುವ ಹಾಗಿಲ್ಲ.

ಪತ್ರಿಕೆಯಲ್ಲಿ ಕಟ್ಟೆಯ ಮಟ್ಟಕ್ಕಿಂತ ‘ಹೊರಹರಿವು’ ಎಷ್ಟಿದೆ ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. 50,000 ಕ್ಯೂಸೆಕ್ ಬಿಟ್ಟರು ಅಂದರೆ ಪ್ರತಿ ಸೆಕೆಂಡಿಗೆ 14 ಲಕ್ಷ ಲೀಟರ್ ನೀರು ಶ್ರೀರಂಗಪಟ್ಟಣದ ಕಡೆ ಹೊರಟಿದೆ ಅಂತ ಅರ್ಥ. ರಂಗನತಿಟ್ಟು ಇರುವುದು ಅದೇ ಹೊಳೆಯಲ್ಲಿ, ಕಟ್ಟೆಯ ಕೆಳಗೆ. ನೀರು ಏರಿದರೆ ನಡುಗಡ್ಡೆಗಳ ತಗ್ಗಿನ ಗೂಡು ಮುಳುಗುತ್ತವೆ, ಹುಟ್ಟು ಹಾಕುವ ದೋಣಿಗೆ ಎದುರೀಜು ಆಗುವುದಿಲ್ಲ, ದೋಣಿವಿಹಾರ ನಿಲ್ಲಿಸುತ್ತಾರೆ. ಹೊರಹರಿವು ಇಳಿಯುವವರೆಗೂ ಮತ್ತೆ ಬಿಡುವುದಿಲ್ಲ. ದಾವಣಗೆರೆಯಿಂದ ಹೊರಡುವ ದಿನದ ಬೆಳಿಗ್ಗೆ ಈ ಒಂದು ಅಂಕಿ ನೋಡಿಕೊಂಡೇ ಹೊರಡಿ.

ಹಕ್ಕಿಗೇ ಅಂತ ಬರುವುದಾದರೆ ಆಗಸ್ಟ್ ಬಿಡಿ. ಚಳಿಗಾಲದಿಂದ ಬೇಸಿಗೆವರೆಗೆ, ಅದರಲ್ಲೂ ಫೆಬ್ರುವರಿ ದಾಟಿದ ಮೇಲೆ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ಗೂಡು ಕಟ್ಟಿ ಮರಿ ಮಾಡುವ ಕಾಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ನೀರು ಕಡಿಮೆ ಇದ್ದಾಗಲೇ ಕಾಣುವುದು. 1940ರಿಂದ ಪಕ್ಷಿಧಾಮವಾಗಿರುವ ಇದಕ್ಕೆ 2022ರಲ್ಲಿ ಮುಖ್ಯ ಜೌಗು ತಾಣಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಬಂತು, ರಾಜ್ಯಕ್ಕೆ ಅದೇ ಮೊದಲನೆಯದು. ಆ ಕಾಲದಲ್ಲಿ ಬಂದವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿ ಬನ್ನಿ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮನೆಯ ಹಿತ್ತಿಲ ಹುಣಸೆ ಮರದಲ್ಲೇ ಗೂಡು ಮಾಡುತ್ತವೆ, ದೋಣಿಯೂ ಬೇಡ, ದುರ್ಬೀನೂ ಬೇಡ.

ಬಲಮುರಿಯನ್ನು ಮಳೆಗಾಲದ ಪಟ್ಟಿಯಿಂದ ತೆಗೆದುಬಿಡಿ. ಒಡ್ಡಿನ ಮೇಲೆ ಪಾದ ಮುಳುಗುವಷ್ಟೇ ನೀರು ಹರಿಯುವಂತೆ ಕಾಣುತ್ತದೆ. ಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಒಡ್ಡು ಇಳಿದ ಕಡೆ ನೀರು ಬಿದ್ದು ಬಿದ್ದು ಕೊರೆದ ಗುಂಡಿಗಳಿವೆ. ಜಾರಿ ಬಿದ್ದವನನ್ನು ಸುಳಿ ಮತ್ತೆ ಒಡ್ಡಿನ ಕಡೆಗೇ ಎಳೆಯುತ್ತದೆ, ಈಜು ಬಂದವನೂ ಅದಕ್ಕೇ ಸೋಲುತ್ತಾನೆ. ಮೇಲೆ ಗೇಟು ಎತ್ತಿದ್ದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಬೃಂದಾವನವನ್ನು ಸಂಜೆಗೆ ಇಟ್ಟುಕೊಳ್ಳಿ. ಗೇಟಿನಿಂದ ಸಂಗೀತ ಕಾರಂಜಿಗೆ ಬಹಳ ನಡಿಗೆ ಇದೆ, ಬೆಳಕಿರುವಾಗಲೇ ಆ ತುದಿ ಸೇರಿ. ಕಟ್ಟೆಯ ಮೇಲೆ ನಡೆದು ಹೋಗಲು ಸಾರ್ವಜನಿಕರಿಗೆ ಬಿಡುವುದಿಲ್ಲ. ಅಪ್ಪ ನಡೆದಿದ್ದರು, ತಾತ ನಡೆದಿದ್ದರು ಅಂತ ವಾದಿಸಿ ಫಲವಿಲ್ಲ.

ಪ್ರಶ್ನೆ: ಸೋಮನಾಥಪುರ ವಿಶ್ವ ಪರಂಪರೆ ತಾಣ ಆದ ಮೇಲೆ ಏನು ಬದಲಾಗಿದೆ? ಅರ್ಧ ದಿನ ಸಾಕೇ? (ಧಾರವಾಡ)

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಗುಡಿಯಲ್ಲಿ ಬದಲಾದದ್ದೇನಿಲ್ಲ, ಜನ ಹೆಚ್ಚಾಗಿದ್ದಾರೆ ಅಷ್ಟೆ. ಮೈಸೂರಿನಿಂದ ಬನ್ನೂರಿನ ಮೇಲೆ 35 ಕಿ.ಮೀ. ಆಸುಪಾಸು. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಪೂಜೆ ನಡೆಯುವುದಿಲ್ಲ, ಹಣ್ಣುಕಾಯಿ ಒಯ್ಯಬೇಡಿ.

ಹತ್ತು ನಿಮಿಷ ಸುತ್ತಿ ಸೆಲ್ಫಿ ತೆಗೆದುಕೊಂಡು ಹೋಗುವವರೇ ಹೆಚ್ಚು. ಎರಡು ಗಂಟೆ ಕೊಡಿ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು. ಮೂರು ಗರ್ಭಗುಡಿ, ಪ್ರತಿಯೊಂದೂ ಹದಿನಾರು ಕೋನದ ನಕ್ಷತ್ರ. ಜಗಲಿ ಹತ್ತಿದ ಮೇಲೆ ಎಡಕ್ಕೆ ಹೊರಟು ಪ್ರದಕ್ಷಿಣೆಯಲ್ಲೇ ನಡೆಯಿರಿ. ಗೋಡೆಯ ತಳದ ಪಟ್ಟಿಕೆಯಲ್ಲಿ ಕತೆ ಹಾಗೇ ಸಾಗುತ್ತದೆ: ದಕ್ಷಿಣದ ಗುಡಿಗೆ ರಾಮಾಯಣ, ಹಿಂದಿನದಕ್ಕೆ ಕೃಷ್ಣನ ಕತೆ, ಉತ್ತರದ್ದಕ್ಕೆ ಮಹಾಭಾರತ. ಉಲ್ಟಾ ಸುತ್ತಿದರೆ ಕುರುಕ್ಷೇತ್ರದಿಂದ ಶುರುವಾಗಿ ದಶರಥನ ಯಾಗಕ್ಕೆ ಬಂದು ನಿಲ್ಲುತ್ತೀರಿ.

ಆನೆ, ಕುದುರೆ ಸಾಲು ದಾಟಿ ಮೇಲಿನ ದೊಡ್ಡ ವಿಗ್ರಹಗಳ ಪಾದದ ಕೆಳಗೆ ನೋಡಿ. ಹಳಗನ್ನಡ ಲಿಪಿಯಲ್ಲಿ ಶಿಲ್ಪಿಯ ಹೆಸರು ಕೊರೆದಿದೆ, ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ, ನಡುಹಗಲಿನಲ್ಲಿ ಕಲ್ಲಿನೊಳಗೆ ಕರಗಿಬಿಡುತ್ತದೆ. ಒಳಗೆ ಹೋದ ಮೇಲೆ ಕತ್ತು ಎತ್ತಿ. ಒಂದೊಂದು ಅಂಕಣದ ಚಾವಣಿಯೂ ಬೇರೆ ಬೇರೆ, ಬಾಳೆಯ ಮೋತೆ ತಲೆಕೆಳಗಾಗಿ ಇಳಿಬಿದ್ದಂತೆ ಕಡೆದದ್ದನ್ನು ತಪ್ಪಿಸಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ನಡುವಿನ ಕೇಶವ ಮೂಲದ್ದಲ್ಲ, ಅದು ಕಳೆದುಹೋಗಿದೆ. ವೇಣುಗೋಪಾಲ, ಜನಾರ್ದನ ಹಳೆಯವು. ಹೊರಗಿನ ಕಲ್ಲುಹಾಸು ಮಧ್ಯಾಹ್ನ ಕಾದ ಹೆಂಚು. ಅರಮನೆಯಲ್ಲಿ ಬೇಡ ಅಂದ ಕಾಲುಚೀಲ ಇಲ್ಲಿ ಬೇಕು.

ಪ್ರಶ್ನೆ: ಜಂಬೂಸವಾರಿಯನ್ನು ಪಾಸಿಲ್ಲದೆ ನೋಡಬಹುದೇ? ದಸರಾ ಹತ್ತು ದಿನ ಅಂತ ಲೆಕ್ಕ ಹಾಕಿ ರೂಮು ಮಾಡಿದರೆ ಸರಿಯೇ? (ಕಲಬುರಗಿ)

ಲೆಕ್ಕ ಹಾಕಬೇಡಿ, ಪಂಚಾಂಗ ನೋಡಿ. 2025ರಲ್ಲಿ ತಿಥಿ ಬೆಳೆದು ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನವಾಯಿತು. ಉದ್ಘಾಟನೆಯಿಂದ ಹತ್ತು ಎಣಿಸಿದವರಿಗೆ ಒಂದು ದಿನ ಹೆಚ್ಚುಕಡಿಮೆ. ರೂಮು, ರೈಲು ಎರಡನ್ನೂ ವಿಜಯದಶಮಿಯ ತಾರೀಖಿನಿಂದ ಹಿಂದಕ್ಕೆ ಎಣಿಸಿ ಮಾಡಿ.

ಪಾಸಿಲ್ಲದೆ ನೋಡಬಹುದು. ಅರಮನೆ ಅಂಗಳಕ್ಕೆ ಪಾಸು ಅಥವಾ ದುಡ್ಡು ಕೊಟ್ಟು ಕೊಳ್ಳುವ ಗೋಲ್ಡ್ ಕಾರ್ಡು ಬೇಕೇ ಬೇಕು. ಮೆರವಣಿಗೆ ಬಲರಾಮ ದ್ವಾರದಿಂದ ಹೊರಬಿದ್ದು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಹೈವೇ ವೃತ್ತದ ಮೇಲೆ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ಸಾಗುತ್ತದೆ. ಎಲ್ಲರೂ ಕೆ.ಆರ್. ವೃತ್ತಕ್ಕೇ ಮುಗಿಬೀಳುತ್ತಾರೆ. ಆಯುರ್ವೇದ ಆಸ್ಪತ್ರೆ ದಾಟಿದ ಮೇಲೆ ಜನ ತೆಳುವಾಗುತ್ತಾರೆ, ಮಕ್ಕಳಿರುವವರಿಗೆ ಆ ಕಡೆಯೇ ವಾಸಿ. ಮುಂದೆ ಸ್ತಬ್ಧಚಿತ್ರ, ಕಲಾತಂಡಗಳು ಬರುತ್ತವೆ, 750 ಕೆ.ಜಿ. ಅಂಬಾರಿ ಹೊತ್ತ ಆನೆ ಬರುವುದು ಕೊನೆಗೆ. ಬಿಸಿಲಿಗೆ ಸೋತು ನಡುವೆ ಎದ್ದು ಹೋದವರು ನೋಡಬೇಕಾದ್ದನ್ನೇ ಬಿಟ್ಟು ಹೋಗುತ್ತಾರೆ. ಹಳೇ ಕಟ್ಟಡದ ಸಜ್ಜಾ, ಮರದ ಕೊಂಬೆ ಏರಬೇಡಿ.

ಹಳಬರು ಗಮನಿಸಬೇಕಾದ್ದು: ಯುವ ದಸರಾ 2024ರಲ್ಲಿ, 2025ರಲ್ಲಿ ಊರೊಳಗಿನ ಕಾಲೇಜು ಮೈದಾನದಲ್ಲಿ ನಡೆಯಲಿಲ್ಲ, ಹೊರವರ್ತುಲ ರಸ್ತೆಯ ಆಚೆ ಉತ್ತನಹಳ್ಳಿಗೆ ಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿ ಆಟೊ ಸಿಗುವುದಿಲ್ಲ, ವಾಪಸಿನ ಗಾಡಿ ಮೊದಲೇ ಮಾತಾಡಿಕೊಳ್ಳಿ. ಬನ್ನಿಮಂಟಪದ ಡ್ರೋನ್ ಪ್ರದರ್ಶನ 2024ರಲ್ಲಿ ಶುರುವಾಯಿತು. ನವರಾತ್ರಿಯ ಕೆಲವು ದಿನ ಖಾಸಗಿ ಪೂಜೆ, ದರ್ಬಾರಿನ ಸಲುವಾಗಿ ಅರಮನೆಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ ಅಥವಾ ಅರ್ಧ ದಿನ ಮಾತ್ರ ಬಿಡುತ್ತಾರೆ. ಅರಮನೆ ನೋಡಲೆಂದೇ ಬರುವವರು ದಸರೆಯಲ್ಲಿ ಬರದಿರುವುದು ಜಾಣತನ.

ಪ್ರಶ್ನೆ: ಮಗಳ ಮದುವೆಗೆ ಅಸಲಿ ಮೈಸೂರು ರೇಷ್ಮೆ ಸೀರೆ ಬೇಕು. ಮಳಿಗೆಯಲ್ಲಿ ಸಾಲು ನಿಲ್ಲಬೇಕಂತೆ? (ಚಿತ್ರದುರ್ಗ)

ಹೌದು. 1912ರಿಂದ ನೇಯುತ್ತಿರುವ ಸರ್ಕಾರಿ ಕಾರ್ಖಾನೆಯ ಕೆಎಸ್‌ಐಸಿ ಸೀರೆಗೆ ಈಗ ಬೇಡಿಕೆ ಮಗ್ಗಕ್ಕಿಂತ ಮುಂದಿದೆ. ಕೆಲವು ಮಳಿಗೆಗಳಲ್ಲಿ ಬಾಗಿಲು ತೆಗೆಯುವ ಮುಂಚೆಯೇ ಸಾಲು, ಟೋಕನ್, ಒಬ್ಬರಿಗೆ ಒಂದೇ ಸೀರೆ. ಐದಾರು ಸೀರೆ ಒಂದೇ ದಿನ ಕೊಳ್ಳುವ ಲೆಕ್ಕದಲ್ಲಿ ಬರಬೇಡಿ, ಮುಹೂರ್ತಕ್ಕೆ ತಿಂಗಳುಗಳಿರುವಾಗಲೇ ಒಂದೊಂದಾಗಿ ಕೂಡಿಸಿಕೊಳ್ಳಿ.

ಕೆಎಸ್‌ಐಸಿ ಸೀರೆಗೆ ಹಾಲೋಗ್ರಾಮ್ ಇರುತ್ತದೆ, ಪ್ರತಿ ಸೀರೆಗೂ ತನ್ನದೇ ಸಂಖ್ಯೆ ಇರುತ್ತದೆ. ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಹೊರಗಿನ ಅಂಗಡಿಯ ‘ಮೈಸೂರು ಸಿಲ್ಕ್’ ಎಲ್ಲವೂ ನಕಲಿಯಲ್ಲ, ಶುದ್ಧ ರೇಷ್ಮೆ ಕ್ರೇಪ್ ಇರಬಹುದು. ಆದರೆ ಜರಿ ಬೇರೆ, ಬೆಲೆಯೂ ಬೇರೆ ಇರಬೇಕು. ಅನುಮಾನವಿದ್ದರೆ ಅಂಚಿನ ಒಂದು ಎಳೆ ಕೇಳಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎಳೆ ಕೊಡಲು ಒಪ್ಪದ ಅಂಗಡಿಯಲ್ಲಿ ಮದುವೆ ಸೀರೆ ಬೇಡ.

ಪ್ರಶ್ನೆ: ಮೈಸೂರಿನಿಂದ ಬಂಡೀಪುರ ಸಫಾರಿ ಮುಗಿಸಿ ರಾತ್ರಿ ಊಟಿ ಸೇರುವ ಯೋಚನೆ. (ವಿಜಯಪುರ)

ಮೂರು ಗೇಟು ದಾಟಬೇಕು. ಮೊದಲನೆಯದು ಸಫಾರಿ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಇಂಥದ್ದು ಒಮ್ಮೆ ಆದ ಮೇಲೆ, ಅರಣ್ಯ ಇಲಾಖೆಯ ಬುಕಿಂಗ್ ಕೈಗೆ ಬರುವವರೆಗೆ ರೂಮಿಗೆ ಮುಂಗಡ ಕಟ್ಟಬೇಡಿ. ಎರಡನೆಯದು, ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಯಲ್ಲಿ ಊಟಕ್ಕೆ ಕೂತು ತಡವಾದರೆ ರಾತ್ರಿ ಅಲ್ಲೇ. ಮೂರನೆಯದು, ನೀಲಗಿರಿಗೆ ಹೋಗುವ ಗಾಡಿಗೆ 2024ರ ಮೇ 7ರಿಂದ ತಮಿಳುನಾಡಿನ ಇ–ಪಾಸ್ ಬೇಕು. ದುಡ್ಡಿಲ್ಲ, ಆದರೆ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಇದರ ತಲೆನೋವಿಲ್ಲ. ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ, ಸ್ಟೀಲಿನದು ಇಟ್ಟುಕೊಳ್ಳಿ.

ಪ್ರಶ್ನೆ: ಮದ್ದೂರು ವಡೆ ಊರಿಗೆ ಒಯ್ಯುವಷ್ಟರಲ್ಲಿ ಮೆತ್ತಗಾಗುತ್ತದೆ. ಏನು ಮಾಡುವುದು? (ಬೆಳಗಾವಿ)

ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿಸಿಕೊಳ್ಳುವುದೇ ಕಾರಣ. ವಡೆಯ ತುಂಬ ಈರುಳ್ಳಿ, ಅದರ ಹಬೆ ಒಳಗೇ ನಿಂತು ರವೆ, ಮೈದಾ, ಅಕ್ಕಿಹಿಟ್ಟಿನ ಗರಿ ಹೀರಿಕೊಳ್ಳುತ್ತದೆ. ಪೇಪರಿನಲ್ಲಿ ಬಿಡಿಬಿಡಿಯಾಗಿ ಕಟ್ಟಿಸಿ, ಅರ್ಧ ಗಂಟೆ ಆರಿದ ಮೇಲೆ ಡಬ್ಬಿಗೆ ಹಾಕಿ. ಮನೆಗೆ ಹೋಗಿ ಎಣ್ಣೆಯಿಲ್ಲದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಿದರೆ ಗರಿ ಅರ್ಧದಷ್ಟಾದರೂ ವಾಪಸು ಬರುತ್ತದೆ. ಈರುಳ್ಳಿ ಇರುವುದರಿಂದ ಮಾರನೇ ದಿನ ದಾಟಿಸಬೇಡಿ. ವಂದೇ ಭಾರತ್ ಮದ್ದೂರಿನಲ್ಲಿ ನಿಲ್ಲುವುದಿಲ್ಲ, ರೈಲಿನಲ್ಲೇ ವಡೆ ಬೇಕೆನ್ನುವವರು ಪ್ಯಾಸೆಂಜರ್ ಹತ್ತಿ.